ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಒಂದೇ ಪ್ರಯಾಣಕ್ಕೆ ಎಷ್ಟು ದೂರ?

2021ರ ಜನವರಿ 11ರ ಬೆಳಗಿನ ಜಾವ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ, ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರೇ ಆಗಿದ್ದರು. ವಿಮಾನವು ಉತ್ತರ ಧ್ರುವದ ಮೇಲಿನಿಂದ ಹಾದು ಬಂದಿತ್ತು. ಈ ಎರಡು ಕಾರಣಗಳಿಗಾಗಿ ಅದು ದೇಶದಾದ್ಯಂತ ದೊಡ್ಡ ಸುದ್ದಿಯಾಯಿತು. ಆದರೆ ಆ ವಾರದ ಸುದ್ದಿಗಳನ್ನು ಓದುವಾಗ ನನ್ನ ಗಮನ ನಿಂತದ್ದು ಬೇರೊಂದು ಸಂಗತಿಯ ಮೇಲೆ. ಎರಡು ನಗರಗಳ ನಡುವಿನ ನೇರ ದೂರ 13,993 ಕಿ.ಮೀ. ಎಂದು ಒಂದು ಕಡೆ ಇದ್ದರೆ, ವಿಮಾನವು ಸುಮಾರು 16,000 ಕಿ.ಮೀ. ಕ್ರಮಿಸಿತು ಎಂದು ಇನ್ನೊಂದು ಕಡೆ ಇತ್ತು. ಕೆಲವು ವರದಿಗಳಲ್ಲಂತೂ ಎರಡೂ ಅಂಕಿಗಳು ಅಕ್ಕಪಕ್ಕದಲ್ಲೇ ಕುಳಿತಿದ್ದವು. ಎರಡು ಸಾವಿರ ಕಿಲೋಮೀಟರೆಂದರೆ ಬೆಂಗಳೂರಿನಿಂದ ಹೊರಟು ದೆಹಲಿಯನ್ನು ದಾಟುವಷ್ಟು ದೂರ. ಅದು ಮುದ್ರಣದೋಷದಿಂದ ಹುಟ್ಟುವ ವ್ಯತ್ಯಾಸವಲ್ಲ.

ನನ್ನ ಅಕ್ಕ ಬಹಳ ವರ್ಷಗಳಿಂದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚಿನ ಊರೊಂದರಲ್ಲಿ ಇರುವುದರಿಂದ ಈ ದೂರದ ಲೆಕ್ಕ ನಮ್ಮ ಮನೆಯಲ್ಲಿ ಆಗಾಗ ಏಳುತ್ತಲೇ ಇರುತ್ತದೆ. ಸಿಲಿಕಾನ್ ವ್ಯಾಲಿಯಲ್ಲಿ ಮಕ್ಕಳಿರುವ ಬೆಂಗಳೂರಿನ ಎಲ್ಲ ಮನೆಗಳಲ್ಲೂ ಏಳುತ್ತಿರಬೇಕು. ಹಾಗಾಗಿ ಈ ಪ್ರಯಾಣದ ದೂರವನ್ನು ಸ್ವಲ್ಪ ವ್ಯವಧಾನದಿಂದ ಅಳೆದು ನೋಡೋಣವೆಂದು ಕುಳಿತೆ. ಅಳೆಯುತ್ತ ಹೋದಂತೆ ನನಗೆ ಮನವರಿಕೆಯಾದದ್ದು ಇಷ್ಟು: ಈ ಎರಡು ಊರುಗಳ ನಡುವೆ ಒಂದಲ್ಲ, ಕನಿಷ್ಠ ಮೂರು ದೂರಗಳಿವೆ. ಭೂಗೋಳದ ದೂರ ಒಂದು, ವಿಮಾನಕ್ಕೆ ದಕ್ಕುವ ದಾರಿಯ ದೂರ ಇನ್ನೊಂದು, ಗಾಳಿಯ ಲೆಕ್ಕದ ದೂರ ಮತ್ತೊಂದು. ನಾವು ಕುರ್ಚಿಯಲ್ಲಿ ಕುಳಿತು ಅನುಭವಿಸುವುದು ಮೂರನೆಯದನ್ನು.

ಮೊದಲನೆಯದು ಶುದ್ಧ ಗಣಿತ. ದೇವನಹಳ್ಳಿಯ ನಿಲ್ದಾಣ ಇರುವುದು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಇರುವುದು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗೋಳವೆಂದು ಹಿಡಿದು, ಕಾಲೇಜಿನಲ್ಲಿ ಕಲಿತ ಸೈನ್, ಕೊಸೈನ್‌ಗಳನ್ನು ನೆನಪಿಸಿಕೊಂಡು ಲೆಕ್ಕ ಹಾಕಿದರೆ ಎರಡರ ನಡುವಿನ ಕೋನ 125.8 ಡಿಗ್ರಿಯಷ್ಟು, ದೂರ 13,990 ಕಿ.ಮೀ. ಆಸುಪಾಸಿನಲ್ಲಿ ಬರುತ್ತದೆ. ಭೂಮಿ ಧ್ರುವಗಳಲ್ಲಿ ಕೊಂಚ ಚಪ್ಪಟೆಯಾಗಿರುವುದರಿಂದ, ಯಾವ ಆಕಾರವನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ ಎಂಬುದನ್ನು ಅನುಸರಿಸಿ ಹತ್ತಿಪ್ಪತ್ತು ಕಿಲೋಮೀಟರು ಅತ್ತಿತ್ತ ಆಗುತ್ತದೆ. ಹೀಗಾಗಿ ವಿಮಾನ ಕಂಪನಿಯ 13,993 ಎಂಬ ಅಂಕಿಯಲ್ಲಿ ಕೊನೆಯ ಮೂರಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಹದಿನಾಲ್ಕು ಸಾವಿರ ಎಂದರೆ ಸಾಕು. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ ಹೇಳುವುದಾದರೆ 7,550ರಷ್ಟು.

ಹದಿನಾಲ್ಕು ಸಾವಿರ ಎಂದರೆ ಎಷ್ಟು ದೊಡ್ಡದು? ಭೂಮಿಯ ಮೇಲೆ ಯಾವ ಎರಡು ಊರುಗಳೂ ಇಪ್ಪತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರವಿರಲು ಸಾಧ್ಯವಿಲ್ಲ, ಏಕೆಂದರೆ ಅದು ಭೂಮಿಯ ಅರ್ಧ ಸುತ್ತಳತೆ. ಅದನ್ನು ಮೀರಿದರೆ ಇನ್ನೊಂದು ಬದಿಯಿಂದ ಹೋಗುವುದೇ ಹತ್ತಿರವಾಗುತ್ತದೆ. ಆ ಲೆಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮ್ಮಿಂದ ಸಾಧ್ಯವಿರುವ ಗರಿಷ್ಠ ದೂರದ ನೂರಕ್ಕೆ ಎಪ್ಪತ್ತು ಪಾಲಿನಷ್ಟು ದೂರದಲ್ಲಿದೆ. ಬೆಂಗಳೂರಿಗೆ ಅದಕ್ಕಿಂತ ದೂರದ ನಗರಗಳೂ ಇವೆ. ಪೆರುವಿನ ಲೀಮಾ ಸುಮಾರು 17,300 ಕಿ.ಮೀ. ದೂರದಲ್ಲಿದೆ, ನಮ್ಮಲ್ಲಿ ಅಲ್ಲಿಗೆ ಹೋಗಿಬರುವವರು ಕಡಿಮೆಯಾದ್ದರಿಂದ ಆ ಮಾತು ಬರುವುದಿಲ್ಲ, ಅಷ್ಟೆ.

ಈ ಹದಿನಾಲ್ಕು ಸಾವಿರದ ಗೆರೆ ಭೂಮಿಯ ಮೇಲೆ ಎಲ್ಲೆಲ್ಲಿ ಹಾದುಹೋಗುತ್ತದೆ ಎಂಬುದನ್ನು ಗೋಡೆಯ ಭೂಪಟದಲ್ಲಿ ಹುಡುಕಿದರೆ ದಾರಿ ತಪ್ಪುತ್ತದೆ. ಮರ್ಕೇಟರ್ ಮಾದರಿಯ ಭೂಪಟದಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಅಡಿಪಟ್ಟಿ ಇಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ ಗೆರೆ ಎಳೆದರೆ ಅದು ಚೀನಾದ ದಕ್ಷಿಣದ ಅಂಚಿನಲ್ಲಿ ಸಾಗಿ ಪೆಸಿಫಿಕ್ ಸಾಗರದ ನಟ್ಟನಡುವೆ ಹಾದುಹೋಗುತ್ತದೆ. ನೋಡಲು ನೇರವಾಗಿರುವ ಆ ಗೆರೆಯ ಉದ್ದ ಸುಮಾರು 16,100 ಕಿ.ಮೀ. ಗೋಳದ ಮೇಲಿನ ಹತ್ತಿರದ ದಾರಿಗಿಂತ ಎರಡು ಸಾವಿರ ಕಿಲೋಮೀಟರು ಹೆಚ್ಚು.

ಅಕ್ಕನ ಮಗಳ ಮೇಜಿನ ಮೇಲೆ ಒಂದು ಗ್ಲೋಬ್ ಇದೆ. ಅದರ ಮೇಲೆ ಹೊಲಿಗೆ ದಾರದ ಒಂದು ತುದಿಯನ್ನು ಬೆಂಗಳೂರಿನ ಚುಕ್ಕೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಕ್ಯಾಲಿಫೋರ್ನಿಯಾದ ಕರಾವಳಿಯವರೆಗೆ ಎಳೆದು ಬಿಗಿಮಾಡಿ ನೋಡಿದೆವು. ದಾರವನ್ನು ಪೂರ್ವಕ್ಕೆ ಪೆಸಿಫಿಕ್‌ನ ಮೇಲೆ ಇಟ್ಟು ಬಿಗಿದರೆ ಅದು ಅಲ್ಲಿ ನಿಲ್ಲುವುದೇ ಇಲ್ಲ. ಬಿಗಿಯಾದಷ್ಟೂ ಜಾರಿಕೊಂಡು ಉತ್ತರಕ್ಕೆ ಏರುತ್ತದೆ. ಕೊನೆಗೆ ಅದು ನೆಲೆ ನಿಲ್ಲುವುದು ಸೈಬೀರಿಯಾದ ನೆತ್ತಿಯಲ್ಲಿ. ಭೂಗೋಳದ ಪಾಠದಲ್ಲಿ ಮಹಾವೃತ್ತ ಎಂದು ಹೇಳಿಕೊಡುವುದು ಇದನ್ನೇ. ಹತ್ತು ನಿಮಿಷ ದಾರ ಹಿಡಿದು ನೋಡಿದ ಮಗುವಿಗೆ ಅದನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ.

ದಾರದ ದಾರಿಯನ್ನೇ ಲೆಕ್ಕದಲ್ಲಿ ಹಿಂಬಾಲಿಸಿದರೆ ಪ್ರಯಾಣ ಬಲು ಸೊಗಸಾಗಿದೆ. ಬೆಂಗಳೂರಿನಿಂದ ಹೊರಡುವಾಗ ವಿಮಾನದ ಮೂತಿ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಉತ್ತರದಿಂದ ಇಪ್ಪತ್ತು ಡಿಗ್ರಿಯಷ್ಟು ಮಾತ್ರ ಬಲಕ್ಕೆ ವಾಲಿರಬೇಕು. ಗೆರೆಯು ಉತ್ತರ ಪ್ರದೇಶದ ಪೂರ್ವ ಭಾಗವನ್ನು ದಾಟಿ, ನೇಪಾಳದಲ್ಲಿ ಪೋಖರಾ ಮತ್ತು ಅನ್ನಪೂರ್ಣಾ ಶಿಖರಗಳ ಆಸುಪಾಸಿನಲ್ಲಿ ಹಿಮಾಲಯವನ್ನು ಹತ್ತಿಳಿದು, ಟಿಬೆಟ್, ಚೀನಾದ ಲಾಪ್ ನೂರ್ ಮರುಭೂಮಿ, ಮಂಗೋಲಿಯಾದ ಪಶ್ಚಿಮ ಭಾಗ, ಬೈಕಲ್ ಸರೋವರದ ಉತ್ತರದ ಕಾಡುಗಳು ಇವನ್ನೆಲ್ಲ ದಾಟಿ, ರಷ್ಯಾದ ಕೊಲಿಮಾ ನದಿ ಆರ್ಕ್ಟಿಕ್ ಸಾಗರ ಸೇರುವ ತಾಣದ ಹತ್ತಿರ 71 ಡಿಗ್ರಿ ಅಕ್ಷಾಂಶವನ್ನು ಮುಟ್ಟುತ್ತದೆ. ಅದೇ ಅದರ ಅತ್ಯುನ್ನತ ಬಿಂದು. ಅಲ್ಲಿಂದ ಮುಂದೆ ಗೆರೆ ದಕ್ಷಿಣಕ್ಕೆ ಇಳಿಯತೊಡಗಿ, ಅಲಾಸ್ಕಾವನ್ನು ಓರೆಯಾಗಿ ಸೀಳಿಕೊಂಡು, ಆಂಕರೇಜ್ ನಗರದ ಪೂರ್ವಕ್ಕೆ ಸಮುದ್ರಕ್ಕಿಳಿದು, ಅಮೆರಿಕದ ಪಶ್ಚಿಮ ಕರಾವಳಿಯುದ್ದಕ್ಕೂ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬರುತ್ತದೆ.

ಸೊಗಸಾಗಿದ್ದರೂ ಈ ದಾರಿಯಲ್ಲಿ ಪ್ರಯಾಣಿಕರ ವಿಮಾನಗಳು ಹೋಗುವುದಿಲ್ಲ. ಅಡ್ಡಿ ಇರುವುದು ಹಿಮಾಲಯದ ಶಿಖರಗಳಲ್ಲಿ ಎಂದು ಅನೇಕರು ಭಾವಿಸುತ್ತಾರೆ. ಹತ್ತು ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಹಾರುವ ವಿಮಾನಕ್ಕೆ ಎವರೆಸ್ಟ್ ಕೂಡ ಕೆಳಗೇ ಉಳಿಯುತ್ತದೆ. ತೊಂದರೆ ಇರುವುದು ಅದರ ಹಿಂದಿನ ಟಿಬೆಟ್ ಪ್ರಸ್ಥಭೂಮಿಯಲ್ಲಿ. ಯಾವುದೋ ಕಾರಣಕ್ಕೆ ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ತಲೆಯ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಇಳಿಯುತ್ತವೆ ಎಂಬುದನ್ನು ಹೊರಡುವ ಮುನ್ನ ಗಗನಸಖಿಯರು ಪ್ರತಿ ಸಲ ತೋರಿಸಿಕೊಡುತ್ತಾರೆ. ಆ ಮುಖವಾಡಗಳ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸಿನಷ್ಟು ಹೊತ್ತು ಮಾತ್ರ ಬರುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಹತ್ತು ಸಾವಿರ ಅಡಿಗೆ, ಅಂದರೆ ಮೂರು ಕಿಲೋಮೀಟರು ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮನುಷ್ಯರು ಮುಖವಾಡವಿಲ್ಲದೆ ಉಸಿರಾಡಬಲ್ಲರು. ಟಿಬೆಟ್‌ನ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲದ ಆ ವಿಸ್ತಾರವನ್ನು ವಿಮಾನಗಳು ಪೂರ್ವದಿಂದಲೋ ಪಶ್ಚಿಮದಿಂದಲೋ ಬಳಸಿಕೊಂಡು ಹೋಗುತ್ತವೆ. ಅಲ್ಲಿಗೆ ಭೂಗೋಳದ ದೂರದ ಕತೆ ಮುಗಿದು ಎರಡನೆಯ ದೂರ ಶುರುವಾಗುತ್ತದೆ.

ಬಳಸುವುದಾದರೆ ಎಷ್ಟು ಬಳಸಬೇಕು? ಇಲ್ಲಿ ನನಗೆ ಅಚ್ಚರಿ ತಂದ ಒಂದು ಲೆಕ್ಕವಿದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಸೀದಾ ಉತ್ತರ ಧ್ರುವಕ್ಕೆ ಹಾರಿದರೆ ಸುಮಾರು 5,820 ಕಿ.ಮೀ.; ಧ್ರುವದಿಂದ ಬೆಂಗಳೂರಿಗೆ ಸೀದಾ ದಕ್ಷಿಣಕ್ಕೆ ಬಂದರೆ ಸುಮಾರು 8,540 ಕಿ.ಮೀ. ಎರಡನ್ನೂ ಕೂಡಿಸಿದರೆ 14,360. ಅತ್ಯಂತ ಹತ್ತಿರದ ದಾರಿಗಿಂತ ಹೆಚ್ಚಾಗುವುದು ನಾನೂರು ಕಿಲೋಮೀಟರಿಗೂ ಕಡಿಮೆ! ಧ್ರುವವನ್ನು ಮುಟ್ಟಿ ಬರುವುದೆಂದರೆ ಜಗತ್ತಿನ ಕೊನೆಯನ್ನು ಸುತ್ತಿ ಬಂದಂತೆ ಎಂದು ನಮಗೆ ಅನಿಸುವುದು ಭೂಪಟದ ಮಾಯೆ. ಎರಡೂ ಊರುಗಳ ರೇಖಾಂಶಗಳ ನಡುವೆ 160 ಡಿಗ್ರಿ ಅಂತರವಿರುವುದರಿಂದ ಅವು ಗೋಳದ ಎರಡು ಬೆನ್ನುಗಳ ಮೇಲೆ ಇವೆ. ಧ್ರುವ ಅವುಗಳ ನಡುವಿನ ದಾರಿಗೆ ಸಮೀಪದಲ್ಲೇ ಇದೆ. ಹೀಗಿರುವಾಗ 2021ರ ಆ ಮೊದಲ ವಿಮಾನ ಧ್ರುವದ ಮೇಲೆ ಹಾರಿದ್ದು ಪ್ರಚಾರಕ್ಕಾಗಿ ಮಾಡಿದ ಸಾಹಸವಾಗಿರಲಿಲ್ಲ, ಲೆಕ್ಕಕ್ಕೆ ಒಪ್ಪುವ ದಾರಿಯೇ ಆಗಿತ್ತು. ಆದರೆ ಧ್ರುವದಿಂದ ಕೆಳಗೆ ಬರುವಾಗಲೂ 77.7 ಡಿಗ್ರಿ ರೇಖಾಂಶವನ್ನೇ ಹಿಡಿದು ಸೀದಾ ಬರಲಾಗುವುದಿಲ್ಲ. ಆ ಗೆರೆ ಕಾರಕೋರಂ ಪರ್ವತಗಳನ್ನು ದಾಟಿ ಲೇಹ್ ಪಟ್ಟಣದ ಹತ್ತಿರ ಬರುತ್ತದೆ. (ಲೇಹ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ಹೊಳೆದಿರಲಿಕ್ಕಿಲ್ಲ.) ಅಲ್ಲಿಯೂ ಬಳಸಬೇಕು, ಅಂಕಿ ಇನ್ನಷ್ಟು ಏರಬೇಕು.

ಧ್ರುವದ ದಾರಿಗೆ ಅದರದೇ ಆದ ತೊಡಕುಗಳಿವೆ. ಸಾಮಾನ್ಯವಾಗಿ ಬಳಸುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುವ ದಿನಗಳು ಅಲ್ಲಿ ಅಪರೂಪವೇನಲ್ಲ. ಹಾಗಾಗಿ ರೆಕ್ಕೆಯೊಳಗಿನ ಇಂಧನದ ತಾಪಮಾನದ ಮೇಲೆ ಪೈಲಟ್‌ಗಳು ಕಣ್ಣಿಟ್ಟಿರುತ್ತಾರೆ, ಅಗತ್ಯ ಬಿದ್ದರೆ ಕೆಳಗಿಳಿದೋ ವೇಗ ಹೆಚ್ಚಿಸಿಯೋ ಅದನ್ನು ಕಾಯುತ್ತಾರೆ. ಕಾಂತೀಯ ದಿಕ್ಸೂಚಿಯನ್ನು ಅಲ್ಲಿ ನಂಬುವಂತಿಲ್ಲ. ಭೂಮಧ್ಯರೇಖೆಯ ಮೇಲೆ ನೆಲೆನಿಂತ ಸಂಪರ್ಕ ಉಪಗ್ರಹಗಳು 82 ಡಿಗ್ರಿಯ ಆಚೆಗೆ ದಿಗಂತದಂಚಿಗೆ ಸರಿದು ಕೈಕೊಡುವುದರಿಂದ ಹಳೆಯ ಕಾಲದ ಎಚ್‌ಎಫ್ ರೇಡಿಯೊಗೆ ಮರಳಬೇಕಾಗುತ್ತದೆ. ಸೂರ್ಯನಲ್ಲಿ ಬಿರುಗಾಳಿ ಎದ್ದ ದಿನ ಅದೂ ಕೇಳಿಸದು, ವಿಕಿರಣವೂ ಹೆಚ್ಚು. ಅಂಥ ದಿನಗಳಲ್ಲಿ ವಿಮಾನಗಳು ದಕ್ಷಿಣಕ್ಕೆ ಸರಿದು ಹಾರುತ್ತವೆ.

ಇನ್ನು ಗಾಳಿ. ಈ ಮೂರನೆಯ ದೂರವೇ ಇಡೀ ಲೆಕ್ಕದ ತಿರುಳು ಎಂದು ನನಗೆ ಅನಿಸುತ್ತದೆ, ಏಕೆಂದರೆ ವಿಮಾನ ಹಾರುವುದು ನೆಲದ ಮೇಲಲ್ಲ, ಗಾಳಿಯಲ್ಲಿ. ಆ ಗಾಳಿಯೇ ಚಲಿಸುತ್ತಿರುತ್ತದೆ. ಉತ್ತರಾರ್ಧ ಗೋಳದ ನಡು ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ, ಅದರಲ್ಲೂ ಜಪಾನಿನ ಮೇಲೆ, ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದುಂಟು.

ಒಂದು ಸರಳ ಲೆಕ್ಕ ಮಾಡೋಣ. ವಿಮಾನವು ಗಾಳಿಯಲ್ಲಿ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರುತ್ತದೆ, ನೆಲದ ಮೇಲಿನ ದಾರಿ 14,000 ಕಿ.ಮೀ. ಎಂದಿಟ್ಟುಕೊಳ್ಳೋಣ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ವೇಗದ ಗಾಳಿ ಬೆನ್ನ ಹಿಂದಿನಿಂದ ತಳ್ಳಿದರೆ ನೆಲದ ಮೇಲಿನ ವೇಗ 1,000 ಆಗಿ ಪ್ರಯಾಣ 14 ಗಂಟೆಗೆ ಮುಗಿಯುತ್ತದೆ. ಅದೇ ಗಾಳಿ ಎದುರಾದರೆ ವೇಗ 800ಕ್ಕೆ ಇಳಿದು 17 ಗಂಟೆ 30 ನಿಮಿಷ ಬೇಕಾಗುತ್ತದೆ. ಈ ಎರಡನೆಯ ಸಂದರ್ಭದಲ್ಲಿ ಎಂಜಿನ್‌ಗಳು ದುಡಿದದ್ದು, ಇಂಧನ ಉರಿದದ್ದು, 900ರ ವೇಗದಲ್ಲಿ ಹದಿನೇಳೂವರೆ ಗಂಟೆ. ಅಂದರೆ ಗಾಳಿಯಲ್ಲಿ ವಿಮಾನ ಕ್ರಮಿಸಿದ ದೂರ 15,750 ಕಿ.ಮೀ. ಮೊದಲನೆಯ ಸಂದರ್ಭದಲ್ಲಿ ಅದು 12,600 ಮಾತ್ರ. ನೆಲದ ಮೇಲೆ ಒಂದೇ ದಾರಿ, ವಿಮಾನದ ಪಾಲಿಗೆ ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ಅಂತರ. ವಿಮಾನ ಕಂಪನಿಗಳಲ್ಲಿ ದಾರಿ ನಿಗದಿ ಮಾಡುವವರು ಪ್ರತಿ ಹಾರಾಟಕ್ಕೂ ಅಂದಂದಿನ ಗಾಳಿಯ ಮುನ್ಸೂಚನೆಯನ್ನು ಇಟ್ಟುಕೊಂಡು ಕಡಿಮೆ ಮಾಡಲು ಹೆಣಗುವುದು ಈ ಅಂಕಿಯನ್ನು, ನೆಲದ ಮೇಲಿನ ಅಂಕಿಯನ್ನಲ್ಲ.

ಇದಕ್ಕೆ ಒಳ್ಳೆಯ ನಿದರ್ಶನ ನಮ್ಮ ದೇಶದಲ್ಲೇ ಇದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಮೇಲಿಂದ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನ 2016ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ದಿಕ್ಕು ಬದಲಿಸಿ ಪೆಸಿಫಿಕ್ ಮೇಲಿಂದ ಹಾರಿತು. ಹೊಸ ದಾರಿ ಹಳೆಯದಕ್ಕಿಂತ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದ, ಒಟ್ಟು 15,300 ಕಿ.ಮೀ. ಆದರೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲೇ. ಭಾಗಿಸಿ ನೋಡಿದರೆ ನೆಲದ ಮೇಲಿನ ಸರಾಸರಿ ವೇಗ ಗಂಟೆಗೆ 1,055 ಕಿ.ಮೀ.; ಅದರಲ್ಲಿ ಎಂಜಿನ್‌ನ ಪಾಲು ಕಳೆದು ಉಳಿದದ್ದೆಲ್ಲ ಗಾಳಿಯ ಕಾಣಿಕೆ. ಹಿಂದಿರುಗುವಾಗ ಅದೇ ಗಾಳಿಯನ್ನು ಎದುರಿಸುವ ಬದಲು ಅಟ್ಲಾಂಟಿಕ್ ಮೇಲಿನಿಂದ ಬಂದರೆ ಹೋಗುವಾಗಲೂ ಬರುವಾಗಲೂ ಪೂರ್ವಕ್ಕೇ ಹಾರಿದಂತಾಗಿ, ಪ್ರಯಾಣಿಕ ಅರಿವಿಲ್ಲದೆಯೇ ಭೂಪ್ರದಕ್ಷಿಣೆ ಮುಗಿಸಿರುತ್ತಾನೆ.

ಬೆಂಗಳೂರಿನ ವಿಮಾನದ ಆರಂಭದ ವೇಳಾಪಟ್ಟಿಯಲ್ಲೂ ಗಾಳಿಯ ಗುರುತು ಸ್ಪಷ್ಟವಾಗಿತ್ತು. ಇಲ್ಲಿಂದ ಮಧ್ಯಾಹ್ನ 2.30ಕ್ಕೆ ಹೊರಟರೆ ಅದೇ ದಿನ ಸಂಜೆ 5ಕ್ಕೆ ಅಲ್ಲಿ ಇಳಿಯಬೇಕು. ಎರಡೂವರೆ ಗಂಟೆಯ ಪ್ರಯಾಣವೆಂದು ಕಂಡರೂ ಚಳಿಗಾಲದಲ್ಲಿ ಎರಡೂ ಊರುಗಳ ನಡುವೆ ಹದಿಮೂರೂವರೆ ಗಂಟೆಯ ವ್ಯತ್ಯಾಸವಿರುವುದರಿಂದ ನಿಜವಾದ ಅವಧಿ 16 ಗಂಟೆ. ಅಲ್ಲಿಂದ ರಾತ್ರಿ 8.30ಕ್ಕೆ ಹೊರಟ ವಿಮಾನ ಇಲ್ಲಿ ಇಳಿಯಬೇಕಾಗಿದ್ದುದು ಮೂರನೆಯ ದಿನದ ಬೆಳಗಿನ ಜಾವ 3.45ಕ್ಕೆ, ಲೆಕ್ಕ ಹಾಕಿದರೆ 17 ಗಂಟೆ 45 ನಿಮಿಷ. ಊರುಗಳು ಅವೇ, ವಿಮಾನವೂ ಅದೇ, ಬರುವ ದಾರಿಗೆ ಮಾತ್ರ ಒಂದೂಮುಕ್ಕಾಲು ಗಂಟೆ ಹೆಚ್ಚು.

ನಮ್ಮ ಮನೆಯಲ್ಲಿ ಇದಕ್ಕೆ ಕೊಡುತ್ತಿದ್ದ ಕಾರಣ ಬೇರೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಆದ್ದರಿಂದ ಪಶ್ಚಿಮದ ಅಮೆರಿಕಕ್ಕೆ ಹೋಗುವವರಿಗೆ ಊರೇ ಎದುರಾಗಿ ಬರಬೇಕು ಎಂದು ನಮ್ಮ ದೊಡ್ಡಪ್ಪ ಬಹಳ ಗಟ್ಟಿಯಾಗಿ ವಾದಿಸುತ್ತಿದ್ದರು. ವಾದದ ಮಟ್ಟಿಗೆ ಅದು ಚೆನ್ನಾಗಿಯೇ ಇದೆ. ಆದರೆ ಭೂಮಿಯೊಂದಿಗೆ ಗಾಳಿಯೂ, ಗಾಳಿಯೊಂದಿಗೆ ವಿಮಾನವೂ ತಿರುಗುತ್ತಿರುವುದರಿಂದ ಆ ಲಾಭ ಯಾರಿಗೂ ಸಿಗುವುದಿಲ್ಲ. ಕುಳಿತಲ್ಲೇ ಮೇಲಕ್ಕೆ ನೆಗೆದವನು ಅದೇ ಜಾಗಕ್ಕೆ ಬೀಳುತ್ತಾನೆ.

ಮುಂದಿನ ಸೀಟಿನ ಬೆನ್ನಿನ ಪರದೆಯಲ್ಲಿ ಬರುವ ಭೂಪಟವನ್ನು ಸಿನಿಮಾಕ್ಕಿಂತ ಹೆಚ್ಚು ಆಸಕ್ತಿಯಿಂದ ನೋಡುವವರ ಪೈಕಿ ನಾನೂ ಒಬ್ಬ. ಪೆಸಿಫಿಕ್ ದಾಟುವಾಗ ಅದರಲ್ಲಿ ನೆಲದ ಮೇಲಿನ ವೇಗ ಒಂದೊಂದಾಗಿ ಏರುತ್ತ 1,000 ದಾಟಿ, 1,080, 1,100 ಎಂದು ನಿಲ್ಲುತ್ತದೆ. ಆ ಹೊತ್ತಿಗೆ ಲೋಟದ ನೀರು ಅಲುಗಾಡತೊಡಗಿರುತ್ತದೆ, ಬೆಲ್ಟ್ ಕಟ್ಟಿಕೊಳ್ಳುವಂತೆ ದೀಪ ಹತ್ತಿರುತ್ತದೆ. ಜೆಟ್ ಸ್ಟ್ರೀಮ್‌ನ ಅಂಚಿನಲ್ಲಿ ಗಾಳಿಯ ವೇಗ ಥಟ್ಟನೆ ಬದಲಾಗುವುದರಿಂದ ಈ ಕುಲುಕಾಟ. ಪಕ್ಕದ ಸೀಟಿನ ಹಿರಿಯರು ಇಂಥ ಹೊತ್ತಿನಲ್ಲಿ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ. ಸಾವಿರ ಹೆಸರುಗಳಿಗೂ ಸಾಲುವಷ್ಟು ಸಮಯ ಆ ದಾರಿಯಲ್ಲಿ ಇದೆ.

ದಾರಿಯನ್ನು ಬಾಗಿಸುವ ಇನ್ನೊಂದು ಸಂಗತಿ ತುರ್ತು ನಿಲ್ದಾಣಗಳದು. ಎರಡೇ ಎಂಜಿನ್ ಇರುವ ವಿಮಾನ ಒಂದು ಎಂಜಿನ್ ನಿಂತರೂ ನಿಗದಿತ ಸಮಯದೊಳಗೆ ಯಾವುದಾದರೊಂದು ನಿಲ್ದಾಣ ತಲುಪುವಂತಿರಬೇಕೆಂಬುದು ನಿಯಮ. ಹೀಗಾಗಿ ದಾರಿಯ ನಕ್ಷೆಯಲ್ಲಿ ನಾವೆಂದೂ ಹೋಗಬಯಸದ ಊರುಗಳ ಹೆಸರುಗಳು ಸೇರಿಕೊಳ್ಳುತ್ತವೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದಾಗಿ ರಷ್ಯಾದ ಪೂರ್ವದಂಚಿನ ಮಗದಾನ್‌ನಲ್ಲಿ ಇಳಿದು, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲಿಯೇ ತಂಗಬೇಕಾಯಿತು. ಅಂದು ಅನೇಕರು ಆ ಊರಿನ ಹೆಸರನ್ನು ಮೊದಲ ಬಾರಿಗೆ ಕೇಳಿದರು. ಮಗದಾನ್ ಆ ದಾರಿಯ ಸಮೀಪದಲ್ಲಿದ್ದದ್ದು ಕಾಕತಾಳೀಯವಲ್ಲ; ಅಂಥ ನಿಲ್ದಾಣಗಳು ಇರುವ ಕಡೆಗೇ ದಾರಿಗಳು ಬಾಗುತ್ತವೆ.

ಭೂಗೋಳ, ಗಾಳಿ, ಯಂತ್ರ ಇವೆಲ್ಲ ಒಪ್ಪಿದ ಮೇಲೂ ದೇಶಗಳು ಒಪ್ಪಬೇಕು. ಬೆಂಗಳೂರಿನಿಂದ ಮಂಗಳೂರಿಗೆ ಹಕ್ಕಿ ಹಾರುವ ದೂರ ಮುನ್ನೂರು ಕಿಲೋಮೀಟರಿನಷ್ಟು, ಶಿರಾಡಿ ಘಾಟಿಯ ರಸ್ತೆಯಲ್ಲಿ ಮುನ್ನೂರೈವತ್ತು. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿದರೆ ಚಾರ್ಮಾಡಿಯೋ ಮತ್ತೊಂದೋ ಹಿಡಿದು ಇನ್ನಷ್ಟು ಸುತ್ತಬೇಕು. ಆಕಾಶದಲ್ಲೂ ಹೀಗೆ ಘಾಟಿಗಳು ಮುಚ್ಚುತ್ತವೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿತು. ಭಾರತದ ಕಂಪನಿಗಳಿಗೆ ತೆರೆದೇ ಇತ್ತು. ಅದಕ್ಕೂ ಮೊದಲು ಎರಡು ಅಮೆರಿಕನ್ ಕಂಪನಿಗಳು ಬೆಂಗಳೂರಿಗೆ ನೇರ ವಿಮಾನ ಘೋಷಿಸಿದ್ದವು, ಒಂದು ಸ್ಯಾನ್ ಫ್ರಾನ್ಸಿಸ್ಕೊದಿಂದ, ಇನ್ನೊಂದು ಸಿಯಾಟಲ್‌ನಿಂದ. ಕೋವಿಡ್‌ನಿಂದ ಮುಂದೆ ಹೋದ ಆ ಯೋಜನೆಗಳು ರಷ್ಯಾದ ಬಾಗಿಲು ಮುಚ್ಚಿದ ಮೇಲೆ ಮೇಲೇಳಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದಾಗ ಪಶ್ಚಿಮದ ಕಡೆಯ ದಾರಿಗಳೆಲ್ಲ ಉದ್ದವಾದವು. ಎರಡು ಊರುಗಳ ನಡುವಿನ ದೂರ ಒಂದೇ ರಾತ್ರಿಯಲ್ಲಿ ನೂರಾರು ಕಿಲೋಮೀಟರು ಹೆಚ್ಚಾಗುವುದೆಂದರೆ ಇದೇ.

ಬೆಂಗಳೂರಿಗೆ ಮಾತ್ರ ಅಂಟಿಕೊಂಡ ಒಂದು ತೊಡಕನ್ನೂ ಹೇಳಬೇಕು. ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರು ಎತ್ತರದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಇರುವುದು ಕೊಲ್ಲಿಯ ನೀರಿನಂಚಿಗೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ಬಿಸಿಲೇರಿದಷ್ಟೂ ಇನ್ನೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್‌ಗೂ ಬಲ ಕಡಿಮೆ. 777-200ಎಲ್‌ಆರ್ ವಿಮಾನ ತುಂಬಿದಾಗ 347 ಟನ್ ತೂಗಬಲ್ಲದು. ಅದರ ಟ್ಯಾಂಕುಗಳಲ್ಲಿ ಸುಮಾರು 1,81,000 ಲೀಟರು ಇಂಧನ ಹಿಡಿಯುತ್ತದೆ. ಅಷ್ಟು ಭಾರ ಹೊತ್ತು ಮೇಲೇಳಲು ಉದ್ದನೆಯ ರನ್‌ವೇ ಬೇಕು. ನಗರದೊಳಗಿನ ಹಳೆಯ ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು 2008ರಲ್ಲಿ ದೇವನಹಳ್ಳಿಗೆ ಹೋದಾಗ ದೂರವಾಯಿತೆಂದು ಗೊಣಗದವರಿಲ್ಲ, ಆದರೆ ಅಲ್ಲಿನ 4,000 ಮೀಟರಿನ ರನ್‌ವೇ ಇಂಥ ಹಾರಾಟಗಳಿಗೆ ಒದಗಿಬಂತು. ದೀರ್ಘ ಪ್ರಯಾಣದಲ್ಲಿ ತುಂಬಿಕೊಂಡ ಇಂಧನದ ಒಂದು ಪಾಲು ಉಳಿದ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಆದ್ದರಿಂದ ದಾರಿ ನಾನೂರು ಕಿಲೋಮೀಟರು ಹೆಚ್ಚಾದರೆ ನಷ್ಟವಾಗುವುದು ಅರ್ಧ ಗಂಟೆ ಮಾತ್ರವಲ್ಲ. ಕೆಲವು ಸೀಟುಗಳೋ ಕೆಲವು ಟನ್ ಸರಕೋ ನೆಲದ ಮೇಲೆ ಉಳಿಯಬೇಕಾಗಬಹುದು.

ನಡುವೆ ಇಳಿದು ಹೋಗುವ ದಾರಿಗಳನ್ನೂ ಇದೇ ರೀತಿ ಮಹಾವೃತ್ತದ ಮೇಲೆ ಅಳೆದು ನೋಡಿದೆ. ಹಾಂಕಾಂಗ್ ಮೂಲಕ ಹೋದರೆ ಸುಮಾರು 15,100 ಕಿ.ಮೀ., ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರದ ಮೂಲಕ 16,800ರಷ್ಟು. ದುಬೈ ಪಶ್ಚಿಮಕ್ಕಿದೆ, ಹಾಂಕಾಂಗ್ ಪೂರ್ವಕ್ಕಿದೆ, ಆದರೂ ದೂರದಲ್ಲಿ ಅವೆರಡರ ನಡುವೆ ಇರುವುದು ಆರುನೂರು ಕಿಲೋಮೀಟರಿನ ಅಂತರ. ಹೋಗಬೇಕಾದ ಊರು ಗೋಳದ ಆಚೆ ಬೆನ್ನಿನಲ್ಲಿದ್ದರೆ ಯಾವ ಕಡೆಯಿಂದ ಹೊರಟರೂ ಹೆಚ್ಚು ನಷ್ಟವಿಲ್ಲ. ನೇರ ವಿಮಾನ ಉಳಿಸಿಕೊಡುವ ದೂರವೂ ನಾವು ಅಂದುಕೊಂಡಷ್ಟಿಲ್ಲ, ಸುಮಾರು ಸಾವಿರದ ನೂರರಿಂದ ಎರಡು ಸಾವಿರದ ಎಂಟುನೂರು ಕಿಲೋಮೀಟರು, ಅಂದರೆ ಒಂದರಿಂದ ಮೂರು ಗಂಟೆಯ ಹಾರಾಟ. ನನ್ನ ಅಭಿಪ್ರಾಯದಲ್ಲಿ ಅದರ ನಿಜವಾದ ಉಪಕಾರ ಇರುವುದು ಬೇರೆಡೆ. ಅಮ್ಮನನ್ನು ಅಕ್ಕನ ಮನೆಗೆ ಕಳಿಸುವಾಗ ನಮ್ಮನ್ನು ಕಾಡುತ್ತಿದ್ದುದು ಹಾರಾಟದ ಗಂಟೆಗಳಲ್ಲ. ನಡುರಾತ್ರಿ ಎರಡು ಗಂಟೆಗೆ ಗುರುತಿಲ್ಲದ ನಿಲ್ದಾಣದಲ್ಲಿ ಇಳಿದು, ವೀಲ್‌ಚೇರ್ ತರುವವನಿಗಾಗಿ ಕಾದು, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗಿ, ಮತ್ತೆ ತಪಾಸಣೆಗೆ ನಿಲ್ಲುವ ಆ ಮೂರು ತಾಸು. ಕುಳಿತ ಸೀಟಿನಿಂದ ಏಳದೆ ಹದಿನೇಳು ಗಂಟೆ ಕಳೆಯುವುದು ಮಂಡಿನೋವಿನವರಿಗೆ ಸುಖವೇನಲ್ಲ. ಆದರೂ ಅಮ್ಮ ಅದನ್ನೇ ಆರಿಸಿಕೊಂಡರು, "ಕೂತರೆ ಒಂದೇ ಸಲ, ಎದ್ದರೆ ಒಂದೇ ಸಲ" ಎಂದರು.

2021ರ ಆ ಎರಡು ಅಂಕಿಗಳ ಬಗ್ಗೆ ಹೇಳುವುದಾದರೆ, 13,993 ಎಂಬುದು ಗ್ಲೋಬಿನ ಮೇಲೆ ಬಿಗಿದ ದಾರದ ಉದ್ದ. ಅದರಲ್ಲಿ ಟಿಬೆಟ್ ಇಲ್ಲ, ಗಾಳಿ ಇಲ್ಲ, ಗಡಿಗಳಿಲ್ಲ. ಹದಿನೇಳು ಗಂಟೆಗೂ ಹೆಚ್ಚು ಹೊತ್ತು ಗಾಳಿಯಲ್ಲಿ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರಿದ ವಿಮಾನದ ಲೆಕ್ಕ ಹಾಕಿದರೆ ಹದಿನಾರು ಸಾವಿರದ ಹತ್ತಿರ ಬರುವುದೂ ಅಷ್ಟೇ ಸಹಜ. ಟಿಕೆಟ್ ಕೊಳ್ಳುವಾಗ ಈ ಎರಡರಲ್ಲಿ ಯಾವುದನ್ನೂ ನೋಡಬೇಕಾಗಿಲ್ಲ. ಹೊರಡುವ ಮತ್ತು ತಲುಪುವ ವೇಳೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಟ್ಟು ಅವಧಿ ಕೊಟ್ಟಿರುತ್ತಾರೆ. ಹೋಗುವ ದಿಕ್ಕಿನದನ್ನೂ ಬರುವ ದಿಕ್ಕಿನದನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಜೆಟ್ ಸ್ಟ್ರೀಮ್ ಬಲವಾಗಿರುವುದರಿಂದ ಎರಡರ ನಡುವಿನ ಅಂತರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಹದಿಮೂರೂವರೆ ಗಂಟೆಯ ವ್ಯತ್ಯಾಸ ಹನ್ನೆರಡೂವರೆಗೆ ಇಳಿಯುತ್ತದೆ. ಆ ತಿಂಗಳು ಟಿಕೆಟ್ ಮಾಡಿಸುವವರು ಅದೊಂದನ್ನು ಸೇರಿಸಿ ಲೆಕ್ಕ ಹಾಕಿದರೆ ಸಾಕು.